ಕೆಂಪು ಕೋಳಿಯ ಮೊಟ್ಟೆ, ಕಪ್ಪು ಮರಿ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ನಮ್ಮ ಹಿರಿಯರು ಹೆಣ್ಣು ನೋಡಲು ಹೊರಟಾಗಲೆಲ್ಲ ಹೇಳುತ್ತ ಬಂದಿದ್ದಾರೆ. ಮನುಷ್ಯರ ವಿಷಯದಲ್ಲಿ ಈ ಮಾತು ಎಷ್ಟರ ಮಟ್ಟಿಗೆ ಸಲ್ಲುವುದೆಂಬುದನ್ನು ವಾಚಕರೇ ಬಲ್ಲರು. ಕೋಳಿಗಳ ವಿಷಯದಲ್ಲಿ ಮಾತ್ರ ಅದು ಅರ್ಧ ಸತ್ಯವೆಂಬುದನ್ನು ನಾವು ಕಳೆದ ವರ್ಷ ನಮ್ಮ ಹಿತ್ತಲಿನಲ್ಲಿಯೇ ಕಂಡುಕೊಂಡೆವು. ಆ ಪಾಠಕ್ಕಾಗಿ ನಾವು ತೆತ್ತ ಬೆಲೆ ಅಲ್ಪವಾದುದಲ್ಲ. ಮೂರು ತಲೆಮಾರಿನಿಂದ ಬಂದ ನೆರೆಮನೆಯ ಸ್ನೇಹವು ಒಂದು ಬುಟ್ಟಿ ಮೊಟ್ಟೆಯ ದೆಸೆಯಿಂದ ಮುರಿದುಹೋಗುವುದರಲ್ಲಿದ್ದಿತು. ಕೋಳಿ ಸಾಕುವ ಗೃಹಿಣಿಯರು ಈಗ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಬಹುಮಂದಿ ಇರುವುದರಿಂದ, ನಮ್ಮ ಅನುಭವವು ಇತರರಿಗೆ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಮನೆಯಲ್ಲಿ ನಾವು, ನಮ್ಮ ತಾಯಿಯವರು, ಮತ್ತು ತೀರಿಹೋದ ಅಣ್ಣನ ಹೆಂಡತಿಯಾದ ನಮ್ಮ ಅತ್ತಿಗೆಯವರು. ಅತ್ತಿಗೆಯವರ ಒಬ್ಬಳೇ ಮಗಳು ಪಟ್ಟಣದ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ತಿಂಗಳ ಖರ್ಚನ್ನು ಬೇರೆ ಯಾರ ಕೈಯನ್ನೂ ನೋಡದೆ ತಾವೇ ಸಂಪಾದಿಸಿ ಕಳುಹಿಸಬೇಕೆಂಬುದು ಅತ್ತಿಗೆಯವರ ಹಠ. ಹಿತ್ತಲಿನಲ್ಲಿ ನಾಲ್ಕು ನಾಟಿ ಕೋಳಿಗಳಿದ್ದುವು. ಆದರೆ ನಾಟಿ ಕೋಳಿ ವರ್ಷಕ್ಕೆ ಇಡುವ ಮೊಟ್ಟೆ ಸುಮಾರು 60 ಅಥವಾ 70. ಹದಿನೈದು ಮೊಟ್ಟೆ ಇಡುವುದು, ಕಾವಿಗೆ ಕೂರುವುದು, ಮರಿಗಳನ್ನು ಹಿಂದೆ ಹಾಕಿಕೊಂಡು ತಿಂಗಳುಗಟ್ಟಲೆ ತಿರುಗುವುದು, ಇಷ್ಟೇ ಅದರ ಸಂಸಾರ. ಮೊಟ್ಟೆ ಮಾರಿ ಹಣ ನೋಡಬೇಕಾದರೆ ಹೆಚ್ಚು ಮೊಟ್ಟೆಯಿಡುವ ತಳಿಯೇ ಬೇಕು.

ನೆರೆಯ ಗೌಡರ ತೋಟದ ಮನೆಯಲ್ಲಿ ಅಂತಹ ಕೋಳಿಗಳಿದ್ದುವು. ಅವು ರೋಡ್ ಐಲೆಂಡ್ ರೆಡ್ ಎಂಬ ಕೆಂಪು ತಳಿಯವು. ಅಮೆರಿಕ ದೇಶದ ರೋಡ್ ಐಲೆಂಡ್ ಮತ್ತು ಮ್ಯಾಸಚೂಸೆಟ್ಸ್ ಪ್ರಾಂತಗಳ ರೈತರು ಏಷ್ಯಾಖಂಡದಿಂದ ಹಡಗಿನಲ್ಲಿ ಬಂದ ಮಲಯ ಮೊದಲಾದ ಹುಂಜಗಳನ್ನು ತಮ್ಮ ಊರಿನ ಹೇಂಟೆಗಳೊಡನೆ ಕೂಡಿಸಿ ಹತ್ತೊಂಬತ್ತನೆಯ ಶತಮಾನದಲ್ಲಿ ಪಡೆದ ತಳಿ ಇದು. 1904ರಲ್ಲಿ ಇದಕ್ಕೆ ಅಲ್ಲಿಯ ಕೋಳಿಸಾಕಣೆಯವರ ಅಧಿಕೃತ ಮನ್ನಣೆ ದೊರೆಯಿತು. 1954ರಲ್ಲಿ ರೋಡ್ ಐಲೆಂಡ್ ಸಂಸ್ಥಾನವು ಇದನ್ನೇ ತನ್ನ ರಾಜ್ಯಪಕ್ಷಿಯೆಂದು ಸಾರಿತು. ಒಳ್ಳೆಯ ಹೇಂಟೆ ವರ್ಷಕ್ಕೆ 200ಕ್ಕೂ ಮೇಲೆ ಕಂದು ಮೊಟ್ಟೆಗಳನ್ನಿಡುವುದು, ಮೈಕಟ್ಟೂ ಗಟ್ಟಿ. ಅತ್ತಿಗೆಯವರು ಹೋಗಿ ಕೇಳಿದಾಗ ಗೌಡರು, “ಮೊಟ್ಟೆಗೆ ದುಡ್ಡು ಬೇಡ ತಂಗೀ. ಮರಿ ದೊಡ್ಡವಾದ ಮೇಲೆ ಒಂದು ಹೇಂಟೆಯನ್ನು ನನಗೆ ಕೊಡು, ಸಾಕು” ಎಂದು ಹೇಳಿ, ಐದು ದಿನಗಳ ಮೊಟ್ಟೆಗಳನ್ನು ಕೂಡಿಸಿ, ಹೊಟ್ಟು ತುಂಬಿದ ಬುಟ್ಟಿಯಲ್ಲಿ ಜೋಪಾನವಾಗಿ ಇಟ್ಟು ಕಳುಹಿಸಿದರು. ಈ ಭರವಸೆಯ ಮೇಲೆ ಅತ್ತಿಗೆಯವರು ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ತಂತಿ ಬಲೆಯ ಹೊಸ ಗೂಡನ್ನು ಕಟ್ಟಿಸಿದರು.

ಸಂಕ್ರಾಂತಿ ಕಳೆದ ಮರುವಾರ ನಮ್ಮ ನಾಟಿ ಹೇಂಟೆಯೊಂದು ಕಾವಿಗೆ ಕುಳಿತಿತು. ಕೆಂಪು ತಳಿಯ ಕೋಳಿಗಳು ಮೊಟ್ಟೆಯಿಡುವುದರಲ್ಲಿ ಎಷ್ಟು ಜಾಣೆಯರೋ ಕಾವು ಕೊಡುವುದರಲ್ಲಿ ಅಷ್ಟೇ ಉದಾಸೀನರು. ಆ ಕೆಲಸಕ್ಕೆ ನಾಟಿ ಹೇಂಟೆಗೆ ಸಮನಾದುದಿಲ್ಲ. ನಮ್ಮ ತಾಯಿಯವರು ಹಳೆಯ ಪದ್ಧತಿಯಂತೆ ಮಂಕರಿಯಲ್ಲಿ ಬೂದಿ ಬೆರಸಿದ ಮಣ್ಣನ್ನು ಹರಡಿ, ಮೇಲೆ ಒಣಹುಲ್ಲನ್ನು ಹಾಸಿ, 13 ಮೊಟ್ಟೆಗಳನ್ನಿಟ್ಟರು. ಬೆಸಸಂಖ್ಯೆಯೇ ಆಗಬೇಕೆಂಬುದು ಅವರ ನಿಯಮ. ಪ್ರತಿಯೊಂದು ಮೊಟ್ಟೆಯ ಮೇಲೂ ಇದ್ದಿಲಿನಿಂದ ಒಂದು ಗೆರೆಯನ್ನೆಳೆದರು. ಬೇರೆ ಕೋಳಿ ಬಂದು ಮಂಕರಿಯಲ್ಲಿ ಹೊಸ ಮೊಟ್ಟೆಯನ್ನಿಟ್ಟರೆ ತಿಳಿಯಲೆಂದು ಈ ಗುರುತು. ಆ ಗೆರೆ ಮುಂದೆ ಎಷ್ಟು ದೊಡ್ಡ ಸಾಕ್ಷಿಯಾಗುವುದೆಂಬುದನ್ನು ಆಗ ಯಾರೂ ಎಣಿಸಿರಲಿಲ್ಲ.

ಏಳನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ ಬ್ಯಾಟರಿ ದೀಪವನ್ನು ಹಿಡಿದು ಮೊಟ್ಟೆಗಳನ್ನು ಪರೀಕ್ಷಿಸಿದೆವು. ಒಳಗೆ ಜೀವವಿದ್ದರೆ ಕೆಂಪು ನರಗಳು ಜೇಡರ ಬಲೆಯಂತೆ ಹಬ್ಬಿರುವುದು ಕಾಣುತ್ತದೆ. ಇಲ್ಲದಿದ್ದರೆ ಮೊಟ್ಟೆ ತಿಳಿಯಾಗಿಯೇ ಇರುತ್ತದೆ. ಒಂದು ತಿಳಿಯಾಗಿದ್ದಿತು, ಅದನ್ನು ತೆಗೆದುಬಿಟ್ಟೆವು. ಉಳಿದ 12ನ್ನು ಹೇಂಟೆ ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಹೊರಳಿಸುತ್ತ, ಮೇವಿಗಾಗಿ ಕೆಲವು ನಿಮಿಷ ಮಾತ್ರ ಎದ್ದು ಬರುತ್ತ, ತಪಸ್ವಿನಿಯಂತೆ ಕುಳಿತಿದ್ದಿತು. ಇಪ್ಪತ್ತನೆಯ ದಿನ ಮೊಟ್ಟೆಯೊಳಗಿಂದ ಸಣ್ಣ ಚಿಲಿಪಿಲಿ ಕೇಳಿತು. ತಾಯಿ ಹೊರಗಿನಿಂದ ಮೆಲ್ಲನೆ ಉತ್ತರ ಕೊಟ್ಟಿತು. ಇಪ್ಪತ್ತೊಂದನೆಯ ದಿನ ಬೆಳಗಾಗುವಷ್ಟರಲ್ಲಿ ಕೊಕ್ಕಿನ ತುದಿಯ ಹರಳಿನಂತಹ ಸಣ್ಣ ಹಲ್ಲಿನಿಂದ ಚಿಪ್ಪನ್ನು ಒಡೆದುಕೊಂಡು ಮರಿಗಳು ಹೊರಬಂದುವು. ಒಂದು ಚಿಪ್ಪಿನೊಳಗೇ ಸತ್ತಿದ್ದಿತು. ಬದುಕಿದುವು 11.

ಅತ್ತಿಗೆಯವರು ದೀಪ ಹಿಡಿದು ಹೇಂಟೆಯ ರೆಕ್ಕೆಯನ್ನು ಮೆಲ್ಲಗೆ ಎತ್ತಿದರು. ಎತ್ತಿದವರು ಹಾಗೆಯೇ ನಿಂತುಬಿಟ್ಟರು. ಕೆಂಪು ತಳಿಯ ಮರಿಗಳು ಹುಟ್ಟುವಾಗ ಹುರಿದ ಗೋಧಿಯ ಬಣ್ಣದವಾಗಿರತಕ್ಕವು. ಅಂತಹವು ಮೂರೇ ಇದ್ದುವು. ಉಳಿದ ಎಂಟು ಕಾಡಿಗೆಯಂತೆ ಕಪ್ಪಾಗಿದ್ದುವು! ಅವುಗಳಲ್ಲಿಯೂ ಐದಕ್ಕೆ ತುಪ್ಪಳ ಮಾತ್ರವಲ್ಲ, ಕೊಕ್ಕು, ಕಾಲು, ಚರ್ಮ ಎಲ್ಲವೂ ಕಪ್ಪು.

ವಾಚಕರು ನಗಬಹುದು. ಮರಿ ಯಾವ ಬಣ್ಣದ್ದಾದರೇನು ಎನ್ನಬಹುದು. ಆದರೆ ಸಾಲ ಮಾಡಿ ಗೂಡು ಕಟ್ಟಿಸಿದವರಿಗೆ ಅದು ನಗುವ ಸಂಗತಿಯಾಗಿರಲಿಲ್ಲ. ಕೇರಿಯ ಮುದುಕಿಯೊಬ್ಬಳು ಬಂದು ನೋಡಿ, ಒಳಗಿನವರೆಗೂ ಕಪ್ಪಾದ ಮರಿ ಹುಟ್ಟುವುದು ಒಳ್ಳೆಯದಲ್ಲ, ಯಾರೋ ಮಾಟ ಮಾಡಿಸಿದ್ದಾರೆ ಎಂದಳು. ಮಾಟವನ್ನು ನಾವು ನಂಬಲಿಲ್ಲ. ಆದರೆ ಮೋಸವನ್ನು ನಂಬಿದೆವು. ಗೌಡರು ಒಳ್ಳೆಯ ಮೊಟ್ಟೆಗಳನ್ನು ಪೇಟೆಗೆ ಕಳುಹಿಸಿ, ಎಲ್ಲಿಯೋ ಸಿಕ್ಕಿದ ಮೊಟ್ಟೆಗಳನ್ನು ನಮಗೆ ಸಾಗಿಸಿದ್ದಾರೆಂದು ಅತ್ತಿಗೆಯವರು ಅಂದರು. ನಾಲ್ಕಕ್ಷರ ಕಲಿತ ನಾವು, ವಿಚಾರ ಮಾಡಿ ನೋಡೋಣವೆಂದು ಹೇಳುವುದನ್ನು ಬಿಟ್ಟು, ‘ಹಾಗೆಯೇ ಇರಬೇಕು’ ಎಂದು ತಲೆಯಾಡಿಸಿದೆವು. ಆ ತಲೆಯಾಡಿಸುವಿಕೆಗಾಗಿ ನಮಗೆ ಈಗಲೂ ನಾಚಿಕೆಯಾಗುತ್ತದೆ.

ಮಾತು ಬೇಲಿಯನ್ನು ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ಸಂಜೆಯೊಳಗಾಗಿ ಗೌಡರ ಕಿವಿಗೆ ಬಿದ್ದಿತು. ಅವರು ನಮ್ಮ ಅಂಗಳದವರೆಗೂ ಬಂದು, ಜಗಲಿಯನ್ನು ಹತ್ತದೆ ನಿಂತು, “ನನ್ನ ಹೇಂಟೆಗಳೂ ಕೆಂಪು, ಹುಂಜವೂ ಕೆಂಪು. ಕಪ್ಪು ನಿಮ್ಮ ಹಿತ್ತಲಲ್ಲೇ ಸೇರಿದ್ದು. ನಿಮ್ಮ ಕೋಳಿಯೇ ತನ್ನ ಮೊಟ್ಟೆಯನ್ನು ಬೆರಸಿರಬೇಕು” ಎಂದರು. “ಗೆರೆಯೆಳೆದ ಚಿಪ್ಪುಗಳು ಇನ್ನೂ ಮಂಕರಿಯಲ್ಲಿವೆ ಅಣ್ಣಯ್ಯ, ಬಂದು ನೋಡಿ” ಎಂದು ಅತ್ತಿಗೆಯವರು ಹೇಳಿದರು. “ನೋಡುವುದಕ್ಕೆ ನಾನೇನು ಕಳ್ಳನೆ?” ಎಂದು ಹೇಳಿ ಅವರು ಹಿಂದಿರುಗಿದರು. ಅಂದಿನಿಂದ ಎರಡು ಮನೆಗಳ ನಡುವಣ ಕಾಲುದಾರಿಯಲ್ಲಿ ಹುಲ್ಲು ಬೆಳೆಯತೊಡಗಿತು. ನಮ್ಮ ತಾಯಿಯವರು ಕಾಯಿಲೆ ಬಿದ್ದಾಗಲೆಲ್ಲ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಮನುಷ್ಯರು ಯುಗಾದಿಯ ದಿನವೂ ನಮ್ಮ ಮನೆಯ ಕಡೆಗೆ ತಿರುಗಿ ನೋಡಲಿಲ್ಲ.

ಯುಗಾದಿ ಕಳೆದ ಮೇಲೆ ತಾಲ್ಲೂಕಿನ ಪಶುವೈದ್ಯರು ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಊರಿಗೆ ಬಂದರು. ಕೋಳಿಮರಿಗಳಿಗೂ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕೆಂದು ಅತ್ತಿಗೆಯವರು ಅವರನ್ನು ಹಿತ್ತಲಿಗೆ ಕರೆತಂದರು. ವೈದ್ಯರು ಕಪ್ಪು ಮರಿಯೊಂದನ್ನು ಕೈಗೆತ್ತಿಕೊಂಡು, ರೆಕ್ಕೆಯ ಕೆಳಗಿನ ಚರ್ಮವನ್ನೂ ಬಾಯಿಯ ಒಳಭಾಗವನ್ನೂ ನೋಡಿ, “ಇದರ ತಂದೆ ಕಡಕ್‌ನಾಥ್. ಎಲ್ಲಿಂದ ತಂದಿರಿ?” ಎಂದು ಕೇಳಿದರು. ನಾವು ಕಥೆಯನ್ನೆಲ್ಲ ಹೇಳಿದೆವು. ಅವರು ಒಂದೇ ಪ್ರಶ್ನೆಯನ್ನು ಹಾಕಿದರು: “ಮೊಟ್ಟೆ ಕೂಡಿಸುವುದಕ್ಕೆ ಮುಂಚೆ ಗೌಡರ ತೋಟದಲ್ಲಿ ಬೇರೆ ಹುಂಜವಿದ್ದಿತೆ?”

ಆ ಪ್ರಶ್ನೆಯನ್ನು ಎರಡು ತಿಂಗಳ ಹಿಂದೆ ನಾವೇ ಕೇಳಬಹುದಾಗಿತ್ತು, ಕೇಳಿರಲಿಲ್ಲ. ವೈದ್ಯರೇ ಹೋಗಿ ಗೌಡರನ್ನು ವಿಚಾರಿಸಿ ಬಂದರು. ಗೌಡರ ಮೊಮ್ಮಗನು ಆಸೆಪಟ್ಟು ಒಂದು ಕಡಕ್‌ನಾಥ್ ಹುಂಜವನ್ನು ತಂದು ಹಿಂದಿನ ಮಳೆಗಾಲವೆಲ್ಲ ಆ ಕೆಂಪು ಹೇಂಟೆಗಳೊಡನೆಯೇ ಬಿಟ್ಟಿದ್ದನು. ಅತ್ತಿಗೆಯವರು ಮೊಟ್ಟೆ ಕೇಳಿದ ಮೇಲೆ ಗೌಡರು ಶುದ್ಧ ತಳಿಯ ಮರಿಯೇ ಆಗಲೆಂದು ಆ ಕಪ್ಪು ಹುಂಜವನ್ನು ಬೇರೆ ಕಡೆಗೆ ಸಾಗಿಸಿ, ಮರುದಿನವೇ ಹಣ ಕೊಟ್ಟು ಕೆಂಪು ಹುಂಜವೊಂದನ್ನು ತರಿಸಿ ಬಿಟ್ಟಿದ್ದರು. ಎರಡು ದಿನ ಬಿಟ್ಟು ಮೊಟ್ಟೆ ಕೂಡಿಸಲು ಆರಂಭಿಸಿದರು. ಅವರ ಮನಸ್ಸಿನಲ್ಲಿ ಕಪ್ಪು ಹುಂಜದ ಅಧ್ಯಾಯ ಅಲ್ಲಿಗೆ ಮುಗಿದಿದ್ದಿತು. ನಮಗೆ ಒಳ್ಳೆಯದನ್ನೇ ಕೊಡಬೇಕೆಂದು ಅವರು ಪಟ್ಟ ಶ್ರಮವನ್ನೇ ನಾವು ಮೋಸವೆಂದು ಕರೆದಿದ್ದೆವು!

ಇನ್ನು ಇದರ ರಹಸ್ಯವನ್ನು ವೈದ್ಯರು ನಮಗೆ ತಿಳಿಸಿದಂತೆ ವಾಚಕರಿಗೆ ತಿಳಿಸುವೆವು. ಹೇಂಟೆಯು ಒಂದು ಮೊಟ್ಟೆಯನ್ನು ಸಿದ್ಧಪಡಿಸಲು ಸುಮಾರು 25 ಗಂಟೆಗಳು ಹಿಡಿಯುತ್ತವೆ. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಲೋಳೆಯು ಅಂಡನಾಳದ ಬಾಯಿಯಲ್ಲಿರುವ ಮೊದಲ ಕಾಲು ಗಂಟೆಯಲ್ಲಿಯೇ ಹುಂಜದ ಬೀಜವು ಅದನ್ನು ಸೇರತಕ್ಕದ್ದು. ಅನಂತರ ಬಿಳಿ ಲೋಳೆಯೂ ಪೊರೆಯೂ ಚಿಪ್ಪೂ ಅದನ್ನು ಮುಚ್ಚಿಬಿಡುತ್ತವೆ. ದಿನ ದಿನವೂ ಹೀಗೆ ಮೊಟ್ಟೆ ಫಲಿಸಬೇಕಾದರೆ ದಿನ ದಿನವೂ ಹುಂಜದ ಸಂಗಡವಿರಬೇಕೆಂಬ ನಿರ್ಬಂಧವಿಲ್ಲ. ಹೇಂಟೆಯ ಅಂಡನಾಳದ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೊಳವೆಗಳಿವೆ. ಒಮ್ಮೆ ಪಡೆದ ಬೀಜವನ್ನು ಅದು ಅಲ್ಲಿ ಕಣಜದಲ್ಲಿಟ್ಟಂತೆ ಜೋಪಾನವಾಗಿಟ್ಟುಕೊಂಡು, ಎರಡು ವಾರಗಳವರೆಗೆ, ಕೆಲವು ವೇಳೆ ಮೂರು ವಾರಗಳವರೆಗೆ, ದಿನಕ್ಕಿಷ್ಟೆಂದು ಉಪಯೋಗಿಸುತ್ತಿರುವುದು. ಆದುದರಿಂದ ಹುಂಜವನ್ನು ಸಾಗಿಸಿದ ಮಾತ್ರಕ್ಕೆ ಅದರ ಸಂತತಿಯನ್ನು ಸಾಗಿಸಿದಂತಾಗಲಿಲ್ಲ. ಗೌಡರ ತೋಟದಲ್ಲಿ ಕೆಂಪು ಹುಂಜ ಕೂಗುತ್ತಿದ್ದಾಗಲೂ ಮೊಟ್ಟೆಗಳೊಳಗೆ ಬಹುಪಾಲು ಕಪ್ಪು ಹುಂಜದ ಮಕ್ಕಳೇ ಬೆಳೆಯುತ್ತಿದ್ದುವು. ಎಂಟು ಕಪ್ಪಾಗಿ ಮೂರು ಕೆಂಪಾದುದು ಈ ಕಾರಣದಿಂದ.

ಮೊಟ್ಟೆಗಳನ್ನು ನೋಡಿಯೇ ಇದನ್ನು ಏಕೆ ತಿಳಿಯಲಾಗಲಿಲ್ಲವೆಂದು ಕೇಳಬಹುದು. ಚಿಪ್ಪಿನ ಬಣ್ಣವನ್ನು ಕೊಡುವವಳು ತಾಯಿ. ಹೇಂಟೆಯ ದೇಹವು ಚಿಪ್ಪನ್ನು ಕಟ್ಟುವಾಗ ಕಂದು ವರ್ಣದ್ರವ್ಯವನ್ನು ಅದರ ಮೇಲೆ ಬಳಿಯುತ್ತದೆ. ತಂದೆ ಯಾರೆಂಬುದಕ್ಕೂ ಆ ಮೊಟ್ಟೆಯ ಹೊರಗಿನ ಬಣ್ಣಕ್ಕೂ ಸಂಬಂಧವಿಲ್ಲ. ಕಂದು ಚಿಪ್ಪು, ಅದರ ಮೇಲೆ ನಮ್ಮ ತಾಯಿಯವರ ಇದ್ದಿಲಿನ ಗೆರೆ, ಇವೆರಡೂ ಮೊಟ್ಟೆಗಳು ಗೌಡರ ಕೆಂಪು ಹೇಂಟೆಗಳವೇ ಎಂಬುದಕ್ಕೆ ಸಾಕಷ್ಟು ಸಾಕ್ಷಿಗಳಾಗಿದ್ದುವು. ಸಾಕ್ಷಿ ಮಂಕರಿಯಲ್ಲಿತ್ತು, ನಾವು ತೀರ್ಪನ್ನು ಮೊದಲೇ ಕೊಟ್ಟುಬಿಟ್ಟಿದ್ದೆವು.

ಕಡಕ್‌ನಾಥ್ ಎಂಬುದು ನಮ್ಮ ದೇಶದ್ದೇ ಆದ ಪ್ರಾಚೀನ ತಳಿ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳ ಗುಡ್ಡಗಾಡಿನಲ್ಲಿ ಭಿಲ್ಲರೂ ಭಿಲಾಲರೂ ಇದನ್ನು ಬಹುಕಾಲದಿಂದ ಸಾಕುತ್ತ ಬಂದಿದ್ದಾರೆ. ಅಲ್ಲಿ ಇದಕ್ಕೆ ‘ಕಾಲಿ ಮಾಸಿ’ ಎಂದು ಹೆಸರು. ಕಪ್ಪು ಮಾಂಸದ ಕೋಳಿಯೆಂದು ಅರ್ಥ. ಗರಿ, ಚರ್ಮ, ಮಾಂಸ, ಎಲುಬಿನ ಹೊದಿಕೆ, ನಾಲಗೆ ಎಲ್ಲವೂ ಕಪ್ಪಾಗಿರುವುದು ಇದರ ವಿಶೇಷ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆತ ಮೇಲೆ ಇದರ ಕೀರ್ತಿ ಕರ್ಣಾಟಕಕ್ಕೂ ಹಬ್ಬಿ, ಮೊಟ್ಟೆ ಮಾಂಸಗಳು ಸಾಮಾನ್ಯ ಕೋಳಿಯವುಗಳಿಗಿಂತ ಹಲವು ಪಟ್ಟು ಬೆಲೆಗೆ ಮಾರಾಟವಾಗತೊಡಗಿದುವು. ಆದರೆ ಮೊಟ್ಟೆ ವರ್ಷಕ್ಕೆ ಸುಮಾರು 80ರಿಂದ 100 ಮಾತ್ರ. ಸಕಲ ರೋಗಗಳಿಗೂ ಇದು ಔಷಧವೆಂದು ಪೇಟೆಯವರು ಹೇಳುವ ಮಾತನ್ನು ಹಾಗೆಯೇ ನುಂಗಬೇಕಾದುದಿಲ್ಲ.

ಈ ಒಳಗಪ್ಪು ಕೋಳಿಗಳು ಪ್ರಪಂಚದಲ್ಲಿ ಬೇರೆ ಕಡೆಗಳಲ್ಲಿಯೂ ಇವೆ. ಚೀನಾ ದೇಶದ ರೇಷ್ಮೆಗರಿಯ ಕೋಳಿ, ಇಂಡೊನೇಷ್ಯದ ಅಯಮ್ ಸೆಮಾನಿ ಇಂತಹವು. ಜೀವಕೋಶದಲ್ಲಿ ವಂಶಸೂತ್ರದ ಒಂದು ತುಣುಕು ಇಮ್ಮಡಿಯಾಗಿ, ಬಣ್ಣದ ಕಣಗಳು ಮೈಯೊಳಗೆಲ್ಲ ಹರಡುವುದೇ ಈ ಕಪ್ಪಿಗೆ ಕಾರಣವೆಂದು 2011ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಮಾಟಕ್ಕೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ವೈದ್ಯರು ಹೊರಡುವ ಮುನ್ನ ಒಂದು ಭವಿಷ್ಯವನ್ನು ನುಡಿದರು. “ಈ ಎಂಟು ಬೆರಕೆ ಮರಿಗಳಲ್ಲಿ ಚರ್ಮವೂ ಕಾಲೂ ಅಚ್ಚ ಕಪ್ಪಾಗಿರುವ ಐದೂ ಹೇಂಟೆಗಳು, ಗರಿ ಕಪ್ಪಾಗಿ ಚರ್ಮ ತಿಳಿಯಾಗಿರುವ ಮೂರೂ ಹುಂಜಗಳು. ನೋಡುತ್ತಿರಿ” ಎಂದರು. ನಮಗೆ ಸೋಜಿಗವಾಯಿತು. ಮರಿಯ ಲಿಂಗವನ್ನು ತಿಳಿಯುವುದು ಪಳಗಿದವರಿಗೂ ಕಷ್ಟವೆಂದು ಕೇಳಿದ್ದೆವು. ಆದರೆ ಅವರು ಹೇಳಿದುದು ಊಹೆಯಲ್ಲ, ಲೆಕ್ಕ.

ಆ ಲೆಕ್ಕದ ಹಿಂದೆ ಒಂದು ಚರಿತ್ರೆಯಿದೆ. ಬಟಾಣಿ ಗಿಡಗಳಿಂದ ಮೆಂಡಲ್ ಎಂಬ ಸಂನ್ಯಾಸಿ ಕಂಡುಹಿಡಿದ ಆನುವಂಶಿಕತೆಯ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುವುವೆಂದು 1902ರಲ್ಲಿ ಇಂಗ್ಲೆಂಡಿನ ವಿಲಿಯಮ್ ಬೇಟ್ಸನ್ನರು ತೋರಿಸಿದುದು ಕೋಳಿಗಳಿಂದಲೇ. 1911ರಲ್ಲಿ ಅವರೂ ಅವರ ಸಹೋದ್ಯೋಗಿ ಪನ್ನೆಟ್ಟರೂ ಒಳಗಪ್ಪಿನ ರೇಷ್ಮೆ ಕೋಳಿಯನ್ನು ಕಂದು ಲೆಗ್‌ಹಾರ್ನ್ ತಳಿಯೊಡನೆ ಕೂಡಿಸಿ ನೋಡಿದರು. ಕಪ್ಪು ಹುಂಜಕ್ಕೆ ತಿಳಿಚರ್ಮದ ಹೇಂಟೆಯನ್ನು ಕೂಡಿಸಿದಾಗ ಹೆಣ್ಣುಮಕ್ಕಳು ಮಾತ್ರ ಅಚ್ಚ ಕಪ್ಪಾಗಿ ಗಂಡುಮಕ್ಕಳು ತಿಳಿಯಾದುವು. ಗಂಡು ಹೆಣ್ಣುಗಳನ್ನು ಅದಲುಬದಲು ಮಾಡಿದಾಗ ಮರಿಗಳೆಲ್ಲವೂ ತಿಳಿಯಾದುವು.

ಕಾರಣವಿಷ್ಟೆ. ಮನುಷ್ಯರಲ್ಲಿ ಮಗುವಿನ ಲಿಂಗವು ತಂದೆಯಿಂದ ನಿರ್ಧಾರವಾಗುವುದು, ಪಕ್ಷಿಗಳಲ್ಲಿ ತಾಯಿಯಿಂದ. ಹುಂಜಕ್ಕೆ ಒಂದೇ ಬಗೆಯ ಎರಡು ಲಿಂಗಸೂತ್ರಗಳಿದ್ದರೆ, ಹೇಂಟೆಗೆ ಆ ಬಗೆಯದು ಒಂದೇ; ಮತ್ತೊಂದು ಬೇರೆಯದು. ಕೆಂಪು ತಳಿಯಲ್ಲಿ ಚರ್ಮದ ಕಪ್ಪನ್ನು ತಡೆಯುವ ಗುಣವು ಆ ಒಂದು ಸೂತ್ರದಲ್ಲಿದೆ. ತಾಯಿ ಅದನ್ನು ಗಂಡುಮಕ್ಕಳಿಗೆ ಮಾತ್ರ ಕೊಡಬಲ್ಲಳು. ಹೆಣ್ಣುಮಕ್ಕಳಿಗೆ ಆ ಬಗೆಯ ಸೂತ್ರವು ತಂದೆಯಿಂದ ಮಾತ್ರ ಬರತಕ್ಕದ್ದು. ಕಡಕ್‌ನಾಥ್ ತಂದೆಯಲ್ಲಿ ಆ ತಡೆಯಿಲ್ಲದ ಕಾರಣ ಹೆಣ್ಣುಮಕ್ಕಳು ಅಚ್ಚ ಕಪ್ಪಾದುವು. ತಾಯಿಯಂತೆ ಮಗಳು ಎಂಬ ಗಾದೆ ಇಲ್ಲಿ ತಲೆಕೆಳಗಾಯಿತು: ಬಣ್ಣದಲ್ಲಿ ಮಗಳು ತಂದೆಯಂತೆ, ಮಗನೇ ತಾಯಿಯ ಕಡೆಗೆ.

ಭವಿಷ್ಯ ಸುಳ್ಳಾಗಲಿಲ್ಲ. ತಿಳಿಚರ್ಮದ ಮೂರರಲ್ಲಿ ಒಂದನ್ನು ಗಿಡುಗ ಒಯ್ದಿತು. ಉಳಿದೆರಡಕ್ಕೆ ಜುಟ್ಟು ಕೆಂಪೇರಿ, ಒಡಕು ದನಿಯಲ್ಲಿ ಕೂಗುವ ಅಭ್ಯಾಸ ಆರಂಭವಾಯಿತು. ಅಚ್ಚ ಕಪ್ಪಿನ ಐದೂ ಹೇಂಟೆಗಳಾಗಿ, ಕುತ್ತಿಗೆಯಲ್ಲಿ ತಾಯಿಯ ನೆನಪಿಗೆಂಬಂತೆ ತಾಮ್ರದ ಬಣ್ಣದ ಕೆಲವು ಗರಿಗಳನ್ನು ಧರಿಸಿಕೊಂಡು ಬೆಳೆದುವು. ಕೆಂಪು ಮರಿಗಳಲ್ಲಿ ಎರಡು ಹೇಂಟೆ, ಒಂದು ಹುಂಜ.

ವೈದ್ಯರು ಹೋದ ಸಂಜೆಯೇ ಅತ್ತಿಗೆಯವರು ಹುಲ್ಲು ಬೆಳೆದ ಆ ಕಾಲುದಾರಿಯಲ್ಲಿ ನಡೆದುಹೋದರು. ನಾವೂ ಹಿಂದೆಯೇ ಹೋದೆವು. ಗೌಡರು ಜಗಲಿಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದರು. “ತಪ್ಪಾಯಿತು ಅಣ್ಣಯ್ಯ. ಕೇಳದೆ ಮಾತಾಡಿಬಿಟ್ಟೆ” ಎಂದರು ಅತ್ತಿಗೆಯವರು. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನದೂ ತಪ್ಪೇ. ಕಪ್ಪು ಹುಂಜ ಇತ್ತೆಂದು ಒಂದು ಮಾತು ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ಸಿಟ್ಟು ಹೇಳಗೊಡಲಿಲ್ಲ” ಎಂದು ಹೇಳಿ, ಒಳಗಿನವರನ್ನು ಕೂಗಿ ಕಾಫಿ ತರಿಸಿದರು. ಇಷ್ಟರಿಂದ ಎರಡು ತಿಂಗಳ ಮುನಿಸು ತೀರಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಷಾಢದಲ್ಲಿ ಪೇಟೆಯ ವ್ಯಾಪಾರಿಯೊಬ್ಬನು ಬಂದು ಕಪ್ಪು ಹೇಂಟೆಗಳನ್ನು ನೋಡಿದನು. ನೋಡಿದವನೇ, ಐದನ್ನೂ ಕಡಕ್‌ನಾಥ್ ಎಂದು ತೆಗೆದುಕೊಳ್ಳುವೆನೆಂದು ಹೇಳಿ ಒಂದು ಬೆಲೆಯನ್ನೂ ಹೇಳಿದನು. ಆ ಹಣದಲ್ಲಿ ಸಂಘದ ಸಾಲ ಪೂರ್ತಿಯಾಗಿ ತೀರುವಂತಿದ್ದಿತು. ಅತ್ತಿಗೆಯವರು, “ಇವು ಕಡಕ್‌ನಾಥ್ ಅಲ್ಲ, ಬೆರಕೆ” ಎಂದರು. “ಚರ್ಮ ಕಪ್ಪಿದೆಯಲ್ಲಮ್ಮ, ಯಾರಿಗೆ ಗೊತ್ತಾಗುತ್ತದೆ?” ಎಂದನು ಅವನು.

ಅವನ ಮಾತು ಒಂದು ದೃಷ್ಟಿಯಿಂದ ನಿಜವೇ. ಈಗ ಯಾರಿಗೂ ಗೊತ್ತಾಗದು. ಮುಂದಿನ ತಲೆಮಾರಿಗೆ ಗೊತ್ತಾಗುವುದು. ತಳಿಯೆಂದರೆ ಕಣ್ಣಿಗೆ ಕಾಣುವ ಬಣ್ಣವಲ್ಲ. ತನ್ನಂತಹ ಮಕ್ಕಳನ್ನೇ ತಲೆಮಾರು ತಲೆಮಾರಿಗೂ ಪಡೆಯುವ ಸ್ಥಿರತೆ. ಈ ಕಪ್ಪು ಹೇಂಟೆಗಳಿಗೆ ಗೌಡರ ಕೆಂಪು ಹುಂಜವನ್ನು ಕೂಡಿಸಿದರೆ ಒಂದು ಮರಿಯೂ ಇವುಗಳಷ್ಟು ಕಪ್ಪಾಗದು. ಇವುಗಳ ಅಣ್ಣತಮ್ಮಂದಿರನ್ನೇ ಕೂಡಿಸಿದರೆ ಕಪ್ಪು, ಬಿಳುಪು, ನಡುವಣದು ಎಲ್ಲವೂ ಕಲಸಿಕೊಂಡು ಹುಟ್ಟುವುವು. ಎಲ್ಲಿಯೋ ಒಬ್ಬ ಹೆಂಗಸು ಸಾಲ ಮಾಡಿ ಇವುಗಳ ಮೊಟ್ಟೆಯನ್ನು ಕಾವಿಗಿಟ್ಟು, ಇಪ್ಪತ್ತೊಂದನೆಯ ಬೆಳಗ್ಗೆ ದೀಪ ಹಿಡಿದು ನೋಡಿ ಹಾಗೆಯೇ ನಿಲ್ಲುವಳು. ಅತ್ತಿಗೆಯವರು ಅದನ್ನೆಲ್ಲ ವ್ಯಾಪಾರಿಗೆ ವಿವರಿಸಲು ಹೋಗಲಿಲ್ಲ. “ಬೆರಕೆ ಎಂದು ಬರೆದುಕೊಂಡು ಒಯ್ಯುವುದಾದರೆ ಒಯ್ಯಿರಿ” ಎಂದಷ್ಟೇ ಹೇಳಿದರು. ಅವನು ಬರಿಗೈಯಲ್ಲಿ ಹೋದನು. ಸಾಲ ಉಳಿಯಿತು; ಕೋಳಿಗಳೂ ಉಳಿದುವು. ಆ ರಾತ್ರಿ ಅತ್ತಿಗೆಯವರು ಲೆಕ್ಕದ ಪುಸ್ತಕವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದುದನ್ನು ನಾವು ಕಂಡೆವು. ಏನೂ ಕೇಳಲಿಲ್ಲ.

ಗೌರಿಹಬ್ಬದ ಹಿಂದಿನ ದಿನ ಕಪ್ಪು ಹೇಂಟೆಯೊಂದು ಮೊದಲ ಮೊಟ್ಟೆಯನ್ನಿಟ್ಟಿತು. ಅದು ತಿಳಿಗಂದು ಬಣ್ಣದ್ದು. ಬೆರಕೆಯ ಮೊದಲ ತಲೆಮಾರಿಗೆ ಮೈಯ ಕಸುವು ಹೆಚ್ಚೆಂಬುದು ಸಾಕಣೆಯವರ ಅನುಭವ. ನಮ್ಮವು ಕೆಂಪು ತಾಯಿಯಷ್ಟು ಅಲ್ಲದಿದ್ದರೂ ನಾಟಿ ಕೋಳಿಗಿಂತ ಎಷ್ಟೋ ಮಿಗಿಲಾಗಿ, ತಿಂಗಳಿಗೆ ಹದಿನಾಲ್ಕು ಹದಿನೈದರಂತೆ ಇಡುತ್ತಿವೆ. ಸಂಘದ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿದೆ. ವಿದ್ಯಾರ್ಥಿನಿಲಯಕ್ಕೆ ಹಣವು ತಡವಾಗಿಯಾದರೂ ತಪ್ಪದೆ ಹೋಗುತ್ತಿದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಾಗದು. ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯೊಂದರಿಂದಲೇ ಬಂದುವೆಂದು ಡಾರ್ವಿನ್ ಬರೆದಿದ್ದರು. ಬಹುಮಟ್ಟಿಗೆ ಅದು ನಿಜ. ಆದರೆ 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದರಿಂದ ಕೋಳಿಗಳ ಹಳದಿ ಕಾಲು, ಹಳದಿ ಚರ್ಮಗಳ ಗುಣವು ಬೂದುಬಣ್ಣದ ಕಾಡುಕೋಳಿಯಿಂದ ಬಂದುದೆಂದು ತಿಳಿದುಬಂದಿತು. ಆ ಬೂದು ಕಾಡುಕೋಳಿಯು ಮತ್ತಾವುದೂ ಅಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಬೆಳಗಿನ ಹೊತ್ತು ಕೂಗುವ ಹಕ್ಕಿಯೇ. ಅಮೆರಿಕದಿಂದ ಬಂದ ಪರದೇಶದ ಕೋಳಿಯೆಂದು ನಾವು ಬಗೆದಿದ್ದ ಆ ಕೆಂಪು ತಳಿಯ ಹಳದಿ ಕಾಲುಗಳು, ಯಾವುದೋ ಕಾಲದಲ್ಲಿ ದಕ್ಷಿಣದ ಕಾಡಿನಿಂದಲೇ ಹೊರಟು, ಕಡಲುಗಳನ್ನು ಸುತ್ತಿ ಮರಳಿ ನಮ್ಮ ಹಿತ್ತಲಿಗೆ ಬಂದಿವೆ. ಶುದ್ಧವೆಂದು ನಾವು ಹೊಗಳುವ ತಳಿಯೂ ಎಂದೋ ಒಂದು ದಿನ ಬೆರಕೆಯೇ ಆಗಿದ್ದಿತು.

ಮೊಟ್ಟೆ ತಂದು ಮರಿ ಮಾಡಿಸುವ ಸೋದರಿಯರಿಗೆ ನಮ್ಮ ವಿಜ್ಞಾಪನೆಗಳು ಕೆಲವೇ. ಹುಂಜವನ್ನು ಬದಲಾಯಿಸಿದ ಮೇಲೆ ಮೂರು ವಾರಗಳಾದರೂ ಕಳೆಯದೆ ತಳಿಗಾಗಿ ಮೊಟ್ಟೆ ಕೂಡಿಸಬಾರದು. ಮೊಟ್ಟೆ ತರುವಾಗ ಹೇಂಟೆಯನ್ನು ಮಾತ್ರ ನೋಡದೆ ಹುಂಜವನ್ನೂ, ಅದಕ್ಕೆ ಹಿಂದೆ ಇದ್ದ ಹುಂಜವನ್ನೂ ವಿಚಾರಿಸಬೇಕು. ಕಾವಿಗಿಟ್ಟ ಮೊಟ್ಟೆಗಳಿಗೆ ಗುರುತು ಹಾಕುವ ಹಳೆಯ ಪದ್ಧತಿಯನ್ನು ಬಿಡಬಾರದು. ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆಯನ್ನು ತಪ್ಪಿಸಬಾರದು. ಬೆರಕೆಯನ್ನು ಬೆರಕೆಯೆಂದೇ ಹೇಳಿ ಮಾರಬೇಕು. ಇವೆಲ್ಲಕ್ಕೂ ಮೊದಲು, ಮರಿಯ ಬಣ್ಣವನ್ನು ನೋಡಿ ಮನುಷ್ಯರ ಬಣ್ಣವನ್ನು ತೀರ್ಮಾನಿಸಬಾರದು.

ಕೊಟ್ಟ ಮಾತಿನಂತೆ ಗೌಡರಿಗೆ ಒಂದು ಹೇಂಟೆ ಸಲ್ಲಬೇಕಾಗಿದ್ದಿತು. ದೀಪಾವಳಿಯ ದಿನ ಅತ್ತಿಗೆಯವರು ಕೆಂಪು ಹೇಂಟೆಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದರು. ಗೌಡರು ಮುಚ್ಚಳವನ್ನೆತ್ತಿ ನೋಡಿ, “ಕೆಂಪು ನನ್ನ ಹತ್ತಿರ ಬೇಕಾದಷ್ಟಿವೆ ತಂಗೀ. ಜಗಳ ತಂದಿಟ್ಟದ್ದರಲ್ಲಿ ಒಂದನ್ನು ಕೊಡು” ಎಂದರು. ಅತ್ತಿಗೆಯವರು ಹಿಂದಿರುಗಿ ಬಂದು, ಮೊದಲ ಮೊಟ್ಟೆಯನ್ನಿಟ್ಟ ಕಪ್ಪು ಹೇಂಟೆಯನ್ನೇ ಹಿಡಿದು ಒಯ್ದು ಕೊಟ್ಟರು. ಅದು ಈಗ ಗೌಡರ ತೋಟದಲ್ಲಿ ಕೆಂಪು ಕೋಳಿಗಳ ನಡುವೆ ಮೇಯುತ್ತಿದೆ. ಒಮ್ಮೊಮ್ಮೆ ಬೇಲಿಯನ್ನು ನುಸಿದು, ಆ ಕಾಲುದಾರಿಯಲ್ಲಿಯೇ ನಡೆದು ನಮ್ಮ ಹಿತ್ತಲಿಗೆ ಬಂದು ಮೊಟ್ಟೆಯಿಟ್ಟು ಹೋಗುವುದುಂಟು. ಆ ಮೊಟ್ಟೆಯನ್ನು ಅತ್ತಿಗೆಯವರು ಸಂಜೆಯೊಳಗಾಗಿ ಗೌಡರ ಮನೆಗೆ ತಲಪಿಸುತ್ತಾರೆ.